ಹಾಂಗ್ ತುವಾ ನಮ್ಮ ಕೃಷ್ಣದೇವರಾಯನನ್ನು ಭೇಟಿಯಾಗಿದ್ದನೇ?

ಪ್ರಶ್ನೆ: ನಮ್ಮೂರು ಹೊಸಪೇಟೆ. ಐದು ವರ್ಷದಿಂದ ಕೆಲಸದ ಮೇಲೆ ಕ್ವಾಲಾಲಂಪುರದಲ್ಲಿದ್ದೇವೆ. ಹೋದ ತಿಂಗಳು ಮಲಕ್ಕಾ ನೋಡಿ ಬಂದೆವು. ಅಲ್ಲಿ ಒಬ್ಬರು ಮಲಕ್ಕಾ ಸುಲ್ತಾನರ ರಾಜ್ಯ ಹುಟ್ಟಿದ್ದು 1262ರಲ್ಲಿ ಎಂದರು. ನಾನು ಓದಿದ ಪುಸ್ತಕದಲ್ಲಿ ಸುಮಾರು 1400 ಎಂದಿದೆ. ಆಫೀಸಿನ ಗೆಳೆಯರೊಬ್ಬರು ಹಾಂಗ್ ತುವಾ ಎಂಬ ವೀರ ಇದ್ದದ್ದೇ ಸುಳ್ಳು ಅನ್ನುತ್ತಾರೆ. ಇನ್ನೊಬ್ಬರಿಗೆ ಆ ಮಾತು ಕೇಳಿದರೇ ಸಿಟ್ಟು. ಈ ನಡುವೆ ನಮ್ಮ ಸೋದರಮಾವ ಊರಿನಿಂದ ಒಂದು ವಾಟ್ಸಾಪ್ ಸಂದೇಶ ಕಳಿಸಿದ್ದಾರೆ. ಹಾಂಗ್ ತುವಾ ವಿಜಯನಗರಕ್ಕೆ ಬಂದು ಕೃಷ್ಣದೇವರಾಯನಿಗೆ ಕೈಮುಗಿದಿದ್ದನಂತೆ, ಮಲಕ್ಕಾ ನಮ್ಮ ಸಾಮಂತ ರಾಜ್ಯವಾಗಿತ್ತಂತೆ! ಎಂಟನೇ ತರಗತಿಯ ಮಗಳು ಶಾಲೆಗೆ ಮಲಕ್ಕಾ ಬಗ್ಗೆ ಪ್ರಾಜೆಕ್ಟ್ ಮಾಡಬೇಕು. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಆಗ್ನೇಯ ಏಷ್ಯಾದ ಇತಿಹಾಸ ಪಾಠ ಮಾಡುವ ನನ್ನಂಥವರಿಗೆ ಹೊಸಪೇಟೆಯಿಂದ ಮಲಕ್ಕಾಕ್ಕೆ ಹೋದವರು ಇಂಥ ಪ್ರಶ್ನೆ ಕೇಳುವುದು ಅಪರೂಪ. ನೀವು ಮೂರು ಪ್ರಶ್ನೆ ಕೇಳಿದ್ದೀರಿ. ರಾಜ್ಯ ಯಾವಾಗ ಹುಟ್ಟಿತು, ಹಾಂಗ್ ತುವಾ ನಿಜವೇ, ವಿಜಯನಗರಕ್ಕೂ ಮಲಕ್ಕಾಕ್ಕೂ ಏನು ಸಂಬಂಧ. ಮೂರರ ಕೆಳಗೂ ಇರುವ ಕಷ್ಟ ಮಾತ್ರ ಒಂದೇ. ಸುಲ್ತಾನರ ಕಾಲದಲ್ಲಿ ಮಲಕ್ಕಾದಲ್ಲೇ ಕೂತು ಬರೆದ ಒಂದು ಚರಿತ್ರೆಯೂ ನಮ್ಮ ಕೈಗೆ ಬಂದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಂಪಿಯಲ್ಲಿ ನಿಮಗೆ ಕಾಲಿಟ್ಟಲ್ಲಿ ಶಾಸನ ಸಿಗುತ್ತದೆ. ದೇವಸ್ಥಾನದ ಗೋಡೆಯಲ್ಲೇ ವರ್ಷ, ತಿಥಿ, ದಾನ ಕೊಟ್ಟವರ ಹೆಸರು ಎಲ್ಲ ಇರುತ್ತದೆ. ಮಲಕ್ಕಾದಲ್ಲಿ ಹಾಗಿಲ್ಲ. ಅಲ್ಲಿನ ಅರಮನೆ ಮರದ್ದು, ದಾಖಲೆಗಳು ಕಾಗದದ್ದು. 1511ರ ಆಗಸ್ಟ್‌ನಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಊರನ್ನು ಗೆದ್ದ. ಆಮೇಲೆ ಮಸೀದಿಯ ಮತ್ತು ರಾಜರ ಗೋರಿಗಳ ಕಲ್ಲು ಕಿತ್ತು ಕೋಟೆ ಕಟ್ಟಿಸಿದ. ನೀವು ಗುಡ್ಡದ ಕೆಳಗೆ ಫೋಟೋ ತೆಗೆಸಿಕೊಂಡಿರಬಹುದಾದ ಕಲ್ಲಿನ ಬಾಗಿಲು ಇದೆಯಲ್ಲ, ಅದು ಆ ಕೋಟೆಯಲ್ಲಿ ಉಳಿದಿರುವ ತುಣುಕು. ಸುಲ್ತಾನರ ಕಡೆಯಿಂದ ನೇರವಾಗಿ ಉಳಿದದ್ದು ಬಹಳ ಕಡಿಮೆ. ಮುಜಫರ್ ಶಾ ಹೆಸರಿರುವ ತವರದ ನಾಣ್ಯಗಳಿವೆ. 1477ರಲ್ಲಿ ತೀರಿಕೊಂಡ ಮನ್ಸೂರ್ ಶಾನ ಗೋರಿಕಲ್ಲಿದೆ. ಇನ್ನು ಅಲ್ಲೊಂದು ಇಲ್ಲೊಂದು.

ಹಾಗಾಗಿ ನಾವು ಬೇರೆಯವರ ಬಾಯಿಂದ ಕೇಳಬೇಕಾಗುತ್ತದೆ. ಮುಖ್ಯವಾಗಿ ಮೂರು ಬಾಯಿ. ಒಂದು, ಚೀನಾದ ಮಿಂಗ್ ದೊರೆಗಳ ಆಸ್ಥಾನದ ದಿನಚರಿ. ಎರಡು, ತೋಮೆ ಪಿರೆಸ್ ಎಂಬ ಪೋರ್ಚುಗೀಸ್ ಔಷಧ ವ್ಯಾಪಾರಿ 1512ರಿಂದ 1515ರ ಒಳಗೆ ಮಲಕ್ಕಾದಲ್ಲೂ ಭಾರತದಲ್ಲೂ ಕೂತು ಬರೆದ ವರದಿ. ಮೂರು, 'ಸೆಜಾರಾ ಮೆಲಾಯು' ಎಂಬ ಮಲಯ ವಂಶಚರಿತ್ರೆ. ಇದರ ಮುನ್ನುಡಿಯಲ್ಲಿ 1612 ಎಂಬ ವರ್ಷವಿದೆ, ಅಂದರೆ ಮಲಕ್ಕಾ ಬಿದ್ದು ನೂರು ವರ್ಷ ಕಳೆದ ಮೇಲೆ. ಬರೆಸಿದ್ದು ಜೊಹೋರ್‌ನಲ್ಲಿ. ಅಲ್ಲಿ ಆಳುತ್ತಿದ್ದವರು ಮಲಕ್ಕಾ ಕಳೆದುಕೊಂಡು ಓಡಿದ ಸುಲ್ತಾನನ ವಂಶದವರು.

ಈಗ ಮಲಕ್ಕಾ ಕಟ್ಟಿದ ಮೊದಲ ರಾಜನ ಬಗ್ಗೆ ಇವು ಏನು ಹೇಳುತ್ತವೆ ನೋಡಿ.

ಪಿರೆಸ್ ಹೇಳುವ ಪರಮೇಶ್ವರ ಸುಮಾತ್ರಾದ ಪಾಲೆಂಬಾಂಗಿನ ರಾಜಕುಮಾರ. ಜಾವಾದವರ ವಿರುದ್ಧ ತಿರುಗಿಬಿದ್ದು ಸಿಂಗಪುರಕ್ಕೆ ಓಡಿಬರುತ್ತಾನೆ. ಆಶ್ರಯ ಕೊಟ್ಟ ಅಲ್ಲಿನ ಒಡೆಯನನ್ನು ಕೆಲವೇ ದಿನದಲ್ಲಿ ಕೊಲ್ಲುತ್ತಾನೆ. ಐದು ವರ್ಷ ಆಳಿ, ಅಲ್ಲಿಂದಲೂ ಓಡಿಸಿಕೊಂಡು ಮುವಾರ್‌ಗೆ, ಕೊನೆಗೆ ಮಲಕ್ಕಾಕ್ಕೆ ಬರುತ್ತಾನೆ. ಸೆಜಾರಾ ಮೆಲಾಯುವಿನಲ್ಲಿ ಪರಮೇಶ್ವರ ಎಂಬ ಹೆಸರೇ ಇಲ್ಲ! ಮಲಕ್ಕಾ ಕಟ್ಟಿದವನು ಇಸ್ಕಂದರ್ ಶಾ. ಅವನು ಕೊಲೆಗಾರನಲ್ಲ, ಸಿಂಗಪುರದ ಐದನೇ ರಾಜ. ಅವನ ಮನೆತನ ಅಲೆಕ್ಸಾಂಡರನವರೆಗೆ ಹೋಗುತ್ತದೆ. ತನ್ನ ಮಗಳಿಗಾದ ಅವಮಾನಕ್ಕೆ ಸೇಡು ತೀರಿಸಿಕೊಳ್ಳಲು ಒಬ್ಬ ಅಧಿಕಾರಿ ಜಾವಾದವರಿಗೆ ಕೋಟೆ ಬಾಗಿಲು ತೆರೆದದ್ದರಿಂದ ಇಸ್ಕಂದರ್ ಊರು ಬಿಡಬೇಕಾಯಿತು.

ಒಂದರಲ್ಲಿ ಖಳ, ಇನ್ನೊಂದರಲ್ಲಿ ಮೋಸಹೋದ ದೊರೆ. ಯಾಕೆ ಹೀಗೆ? ಪಿರೆಸ್ ಊರನ್ನು ಆಗಷ್ಟೇ ಗೆದ್ದವರ ಕಡೆಯವನು. ಸೋತ ರಾಜಮನೆತನ ಕಳ್ಳರದ್ದು ಎಂದು ಕೇಳಿದರೆ ಅವನ ಒಡೆಯರಿಗೆ ಬೇಸರವಾಗುವುದಿಲ್ಲ. ಜೊಹೋರ್‌ನ ಆಸ್ಥಾನದವರಿಗೆ ತಮ್ಮ ದೊರೆಯ ರಕ್ತ ಎಲ್ಲೂ ಕಡಿಯದೆ ಹರಿದುಬಂದಿದೆ ಎಂದು ತೋರಿಸಬೇಕಿತ್ತು. ಇಬ್ಬರಿಗೂ ಒಂದೊಂದು ಕಾರಣವಿತ್ತು, ಅಷ್ಟೇ. ನಮ್ಮ 'ಕೆಳದಿನೃಪವಿಜಯ' ಓದಿದವರಿಗೆ ಇದು ಹೊಸದೇನಲ್ಲ. ಆಸ್ಥಾನದ ಚರಿತ್ರೆ ಆಸ್ಥಾನಕ್ಕೆ ಬೇಕಾದ್ದನ್ನು ಮುಂದೆ ಇಡುತ್ತದೆ. ಆದರೂ ಅದರಿಂದ ಕಲಿಯುವುದು ಬೇಕಾದಷ್ಟಿರುತ್ತದೆ.

ಪರಮೇಶ್ವರ ಮತ್ತು ಇಸ್ಕಂದರ್ ಶಾ ಒಬ್ಬರೋ ಇಬ್ಬರೋ ಎಂಬುದು ದೊಡ್ಡ ಚರ್ಚೆಯೇ ಆಯಿತು. ಬ್ರಿಟಿಷ್ ವಿದ್ವಾಂಸ ವಿನ್‌ಸ್ಟೆಡ್ಟ್ ಇಬ್ಬರೂ ಒಬ್ಬನೇ ಎಂದು ವಾದಿಸಿದರು. ಪರಮೇಶ್ವರನೇ ಮುಸ್ಲಿಮನಾಗಿ ಇಸ್ಕಂದರ್ ಶಾ ಎಂದು ಹೆಸರು ಬದಲಿಸಿಕೊಂಡ, ಚೀನಾದ ಗುಮಾಸ್ತರು ಅದು ತಿಳಿಯದೆ ಇಬ್ಬರು ಎಂದುಕೊಂಡರು ಎನ್ನುವುದು ಅವರ ಊಹೆ. ಕೇಳಲು ಸರಿಯೆನಿಸುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಹಳೆಯ ಪಠ್ಯ ನೋಡಿ ಹೀಗೇ ಪಾಠ ಮಾಡಿದ್ದೆ. ತಪ್ಪು ಗೊತ್ತಾದ ಮೇಲೆ ಆ ಬ್ಯಾಚಿನ ಮಕ್ಕಳನ್ನು ಕೂರಿಸಿಕೊಂಡು ತಿದ್ದಿ ಹೇಳಿದೆ.

ತಪ್ಪು ಎಲ್ಲಿತ್ತು? ಮಿಂಗ್ ದಿನಚರಿಯನ್ನು ನೇರವಾಗಿ ಓದಿದರೆ ಅಲ್ಲಿ ಗೊಂದಲವೇ ಇಲ್ಲ. 1403ರಲ್ಲಿ ಚೀನಾದ ದೂತ ಮಲಕ್ಕಾಕ್ಕೆ ಹೊರಡುತ್ತಾನೆ. 1405ರಲ್ಲಿ ಮಲಕ್ಕಾದ ದೂತರು ಚೀನಾದಲ್ಲಿರುತ್ತಾರೆ. 1411ರಲ್ಲಿ ಪರಮೇಶ್ವರ ತಾನೇ ಹೆಂಡತಿ ಮಕ್ಕಳ ಸಮೇತ, 540 ಜನರನ್ನು ಕಟ್ಟಿಕೊಂಡು ಚಕ್ರವರ್ತಿಯ ಆಸ್ಥಾನಕ್ಕೆ ಹೋಗುತ್ತಾನೆ. 1414ರಲ್ಲಿ ಮಗ ಬಂದು, ಅಪ್ಪ ತೀರಿಕೊಂಡರು ಎಂದು ತಿಳಿಸುತ್ತಾನೆ. ಆ ಮಗನ ಹೆಸರೇ ಮೆಗತ್ ಇಸ್ಕಂದರ್ ಶಾ. 1424ರಲ್ಲಿ ಅವನ ಮಗ ಶ್ರೀ ಮಹಾರಾಜ ಬಂದು, ಈಗ ತನ್ನ ಅಪ್ಪ ತೀರಿಕೊಂಡ ಸುದ್ದಿ ಹೇಳುತ್ತಾನೆ. ಮೂರು ತಲೆಮಾರು, ಮೂವರು ರಾಜರು. ಮೂರು ವರ್ಷದ ಹಿಂದೆ ಕಣ್ಣಾರೆ ಕಂಡು ಉಪಚರಿಸಿದ ಅತಿಥಿಯೇ ಮತ್ತೆ ಬಂದು "ಅಪ್ಪ ಹೋದರು" ಎಂದರೆ ಆಸ್ಥಾನದವರಿಗೆ ಗುರುತು ಸಿಗದೇ ಇರುತ್ತದೆಯೇ? 1968ರಲ್ಲಿ ಇತಿಹಾಸಕಾರ ವಾಂಗ್ ಗುಂಗ್‌ವು ಒಂದು ಲೇಖನದಲ್ಲಿ ಇದನ್ನೆಲ್ಲ ಒಂದೊಂದಾಗಿ ಬಿಡಿಸಿಟ್ಟರು. ಅಷ್ಟರಲ್ಲಿ ಪಿರೆಸ್‌ನ ಬರಹವೂ ಹೊರಬಂದಿತ್ತು. ಅದರ ಹಸ್ತಪ್ರತಿಯನ್ನು ಅರ್ಮಾಂಡೋ ಕೊರ್ತೆಸಾವ್ 1937ರಲ್ಲಿ ಪ್ಯಾರಿಸ್ಸಿನಲ್ಲಿ ಪತ್ತೆ ಮಾಡಿದ್ದರು, 1944ರಲ್ಲಿ ಅಚ್ಚಾಯಿತು. ಅದರಲ್ಲೂ ಪರಮೇಶ್ವರ ಅಪ್ಪ, ಇಸ್ಕಂದರ್ ಮಗ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಾವು ಒಪ್ಪಬೇಕಾಗುತ್ತದೆ. (ಹಂಪಿ ಕಡೆಯವರಾದ ನಿಮಗೆ ಒಂದು ಮಾತು. ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ವಿಜಯನಗರದ ಬಗ್ಗೆ ಬರೆದದ್ದು ಬೆಳಕಿಗೆ ಬಂದದ್ದೂ ಪ್ಯಾರಿಸ್ಸಿನಲ್ಲಿದ್ದ ಪೋರ್ಚುಗೀಸ್ ಹಸ್ತಪ್ರತಿಯಿಂದಲೇ.)

ಈಗ 1262ಕ್ಕೆ ಬರೋಣ. ಇದನ್ನು ಯಾರೋ ಸುಮ್ನೆ ಹುಟ್ಟಿಸಿದ್ದಲ್ಲ. ಸೆಜಾರಾ ಮೆಲಾಯುವಿನ ಪ್ರತಿಗಳಲ್ಲಿ ಯಾವ ರಾಜ ಎಷ್ಟು ವರ್ಷ ಆಳಿದ ಎಂಬ ಲೆಕ್ಕ ಬರುತ್ತದೆ. 1511ರಿಂದ ಹಿಂದಕ್ಕೆ ಆ ವರ್ಷಗಳನ್ನು ಕೂಡುತ್ತಾ ಹೋದರೆ 13ನೇ ಶತಮಾನಕ್ಕೆ ಮುಟ್ಟಬಹುದು. 2010ರಲ್ಲಿ ಈಗಿನ ಮಲಕ್ಕಾ ರಾಜ್ಯ ಸರ್ಕಾರದ ಕಡೆಯಿಂದ ಈ ವರ್ಷಕ್ಕೆ ಬೆಂಬಲ ಸಿಕ್ಕಿತು. ನಮ್ಮ ಚರಿತ್ರೆಯನ್ನು ನಮ್ಮದೇ ಗ್ರಂಥದಿಂದ ಓದಬೇಕು, ಗೆದ್ದ ಪೋರ್ಚುಗೀಸರ ಮಾತಿನಿಂದಲೇ ಯಾಕೆ ಎಂಬ ಭಾವನೆ ಇದರ ಹಿಂದಿದೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ನಮ್ಮಲ್ಲೂ ಅದು ಇದೆಯಲ್ವಾ?

ಆದರೆ ಲೆಕ್ಕ ನಿಲ್ಲುವುದಿಲ್ಲ. ವಂಶಚರಿತ್ರೆಗಳಲ್ಲಿ ಆಳ್ವಿಕೆಯ ವರ್ಷಗಳು ಸುಲಭವಾಗಿ ಉದ್ದವಾಗುತ್ತವೆ. ಪ್ರತಿಯಿಂದ ಪ್ರತಿಗೆ ಬದಲಾಗುತ್ತವೆ. ಇದಕ್ಕಿಂತ ದೊಡ್ಡ ತೊಡಕು ಹೊರಗಿನವರ ಮೌನ. 1290ರ ದಶಕದಲ್ಲಿ ಮಾರ್ಕೊ ಪೋಲೊ ಇದೇ ಜಲಸಂಧಿ ದಾಟಿ ಹೋದ, ಮಲಕ್ಕಾ ಹೆಸರೆತ್ತಲಿಲ್ಲ. 1345ರ ಸುಮಾರಿಗೆ ಇಬ್ನ್ ಬತೂತ ಎದುರು ದಂಡೆಯ 'ಸಮುದ್ರ ಪಸೈ' ಎಂಬ ರಾಜ್ಯದಲ್ಲಿ ಸುಲ್ತಾನನ ಅತಿಥಿಯಾಗಿದ್ದ, ಅವನೂ ಹೇಳಲಿಲ್ಲ. 1365ರ ಜಾವಾ ಕಾವ್ಯ 'ನಾಗರಕೃತಾಗಮ' ಪಹಾಂಗ್, ಕೆಡಾ, ಕೆಲಾಂತಾನ್, ಸಿಂಗಪುರದ ಹಳೆಯ ಹೆಸರಾದ ತುಮಾಸಿಕ್ ಎಂದು ಊರುಗಳ ಪಟ್ಟಿ ಕೊಡುತ್ತದೆ. ಅದರಲ್ಲೂ ಮಲಕ್ಕಾ ಇಲ್ಲ. ಒಬ್ಬ ಮರೆತಿರಬಹುದು, ಎಲ್ಲರೂ ಮರೆಯುವುದಿಲ್ಲ. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಅರಮನೆ ಕಾನೂನೊಂದರಲ್ಲಿ ಮಲಕ್ಕಾ ಹೆಸರಿದೆ ನಿಜ. ಅದನ್ನು ಹಿಂದೆ 14ನೇ ಶತಮಾನದ್ದು ಎನ್ನುತ್ತಿದ್ದರು. ಆದರೆ 15ನೇ ಶತಮಾನದ ಅಲ್ಲಿನ ರಾಜ ತ್ರೈಲೋಕನಾಥನ ಕಾಲಕ್ಕೆ ಸೇರಿಸುವ ವಾದವೇ ಗಟ್ಟಿ.

1400ಕ್ಕೆ ಮೊದಲು ಅಲ್ಲಿ ಜನವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ದೋಣಿಯಲ್ಲೇ ಬದುಕುವ ಒರಾಂಗ್ ಲಾವುತ್ ಜನ ಆ ಹೊಳೆಯ ಬಾಯಲ್ಲಿ ಮೀನು ಹಿಡಿಯುತ್ತಿದ್ದರು ಎಂದು ಪಿರೆಸ್ ಕೂಡ ಬರೆಯುತ್ತಾನೆ. ಊರು ಇರುವುದು ಬೇರೆ, ರಾಜ್ಯ ಇರುವುದು ಬೇರೆ.

ಹಾಗೇ 'ಸುಲ್ತಾನರ ರಾಜ್ಯ' ಎನ್ನುವಾಗಲೂ ಸ್ವಲ್ಪ ನಿಲ್ಲಬೇಕು. ಪರಮೇಶ್ವರ ಹೆಸರಿನಿಂದಲೇ ಹಿಂದೂ-ಬೌದ್ಧ ಲೋಕದವನು. ಪಿರೆಸ್ ಪ್ರಕಾರ ಅವನ ಮಗ ಮುದಿ ವಯಸ್ಸಿನಲ್ಲಿ ಪಸೈಯ ರಾಜಕುಮಾರಿಯನ್ನು ಮದುವೆಯಾಗಿ ಮುಸ್ಲಿಮನಾದ. ಸೆಜಾರಾ ಮೆಲಾಯುವಿನಲ್ಲಿ ಮುಸ್ಲಿಮನಾಗುವುದು ಬೇರೆ ರಾಜ, ಕಾರಣ ಜೆದ್ದಾದಿಂದ ಹಡಗು ಬರುತ್ತದೆ ಎಂದು ಅವನು ಕಂಡ ಕನಸು. 1440ರ ದಶಕದಲ್ಲಿ ಚೀನಾದವರು ಬರೆದುಕೊಂಡ ಇನ್ನೊಬ್ಬ ರಾಜನ ಹೆಸರು ನೋಡಿ, ಶ್ರೀ ಪರಮೇಶ್ವರ ದೇವ ಶಾ. ನನಗೆ ಈ ಹೆಸರು ತುಂಬಾ ಇಷ್ಟ. ಒಂದೇ ಹೆಸರಲ್ಲಿ ಹಳೆಯದೂ ಇದೆ, ಹೊಸದೂ ಇದೆ. ಮತ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಸಿಕ್ಕಿಲ್ಲ.

ಹಾಂಗ್ ತುವಾ ವಿಷಯದಲ್ಲಿ ನಿಮ್ಮ ಇಬ್ಬರು ಗೆಳೆಯರಲ್ಲಿ ಯಾರನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. 2012ರಲ್ಲಿ ಹೆಸರಾಂತ ಇತಿಹಾಸಕಾರ ಖೂ ಕೇ ಕಿಮ್, ಹಾಂಗ್ ತುವಾ, ಅವನ ಗೆಳೆಯ ಹಾಂಗ್ ಜೆಬತ್, ಮಲಕ್ಕಾಕ್ಕೆ ಬಂದಳು ಎನ್ನುವ ಚೀನಾದ ರಾಜಕುಮಾರಿ ಹಾಂಗ್ ಲಿ ಪೊ ಎಲ್ಲ ಕಥೆಯ ಪಾತ್ರಗಳು ಎಂದಾಗ ಮಲೇಶಿಯಾದಲ್ಲಿ ದೊಡ್ಡ ಗದ್ದಲವಾಯಿತು. ರಾಜಕುಮಾರಿಯ ವಿಷಯದಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಮಲಕ್ಕಾದ ದೂತರಿಗೆ ಕೊಟ್ಟ ಉಡುಗೊರೆಗಳನ್ನೂ ಬರೆದಿಡುತ್ತಿದ್ದ ಮಿಂಗ್ ಗುಮಾಸ್ತರು ರಾಜಕುಮಾರಿಯನ್ನು ಕಳಿಸಿದ್ದರೆ ಬರೆಯದೇ ಬಿಡುತ್ತಿರಲಿಲ್ಲ.

ಹಾಂಗ್ ತುವಾ ಸ್ವಲ್ಪ ಬೇರೆ. ಅವನು ಸೆಜಾರಾ ಮೆಲಾಯುವಿನಲ್ಲಿ ಮನ್ಸೂರ್ ಶಾನ ಕಾಲದ ವೀರನಾಗಿ ಬರುತ್ತಾನೆ. ಅಲ್ಲಿ ದಂಗೆ ಎದ್ದು ಅವನ ಕೈಯಿಂದ ಸಾಯುವ ಗೆಳೆಯ ಹಾಂಗ್ ಕಸ್ತೂರಿ. 'ಹಿಕಾಯತ್ ಹಾಂಗ್ ತುವಾ' ಎಂಬ ದೊಡ್ಡ ಕಥೆಯಲ್ಲಿ ಅದೇ ಗೆಳೆಯ ಹಾಂಗ್ ಜೆಬತ್ ಆಗುತ್ತಾನೆ. ಈಗ ಜಪಾನಿಗೆ ಸೇರಿದ ರ್ಯೂಕ್ಯು ದ್ವೀಪದ ಹಳೆಯ ರಾಜಪತ್ರಗಳಲ್ಲಿ ಮಲಕ್ಕಾದ ಲಕ್ಸಮಾನನ ಉಲ್ಲೇಖವಿದೆ. ಅದನ್ನು ಹಿಡಿದು ಹಾಂಗ್ ತುವಾ ಇದ್ದ ಎನ್ನುವವರಿದ್ದಾರೆ. ಆದರೆ ಲಕ್ಸಮಾನ ಎನ್ನುವುದು ನೌಕಾಪಡೆಯ ಮುಖ್ಯಸ್ಥನ ಪದವಿ, ಒಬ್ಬನ ಹೆಸರಲ್ಲ. ರಾಮನ ತಮ್ಮ ಲಕ್ಷ್ಮಣನಿಂದ ಬಂದ ಪದ ಅದು. ಮಂತ್ರಿಗೆ ಬೆಂಡಹಾರ ಎನ್ನುತ್ತಿದ್ದರು. ನಮ್ಮ ಭಂಡಾರ, ಭಂಡಾರಿ ನೆನಪಾಗುತ್ತದಲ್ಲ, ಬೇರು ಒಂದೇ. ನಿಮ್ಮೂರ ಕಡೆಯ ಕುಮಾರರಾಮನನ್ನು ನೆನೆಸಿಕೊಳ್ಳಿ. ಕುಮ್ಮಟದುರ್ಗವಿತ್ತು, ಕಂಪಿಲಿಯ ರಾಜ್ಯವಿತ್ತು, ದೆಹಲಿಯ ಸೈನ್ಯ ಬಂದದ್ದು ನಿಜ. ಹಾಗೆಂದು ಜನ ಹಾಡಿದ ಒಂದೊಂದು ಸಂಗತಿಯೂ ನಡೆದದ್ದೇ ಎನ್ನಲಾಗುವುದಿಲ್ಲ. ಹಾಂಗ್ ತುವಾನನ್ನೂ ಹಾಗೇ ನೋಡಿ. ಆ ಹೆಸರಿನ ಒಬ್ಬ ಯೋಧ ಇದ್ದಿರಬಹುದು. ಈಗ ನಮಗೆ ಗೊತ್ತಿರುವ ಹಾಂಗ್ ತುವಾ ಮಾತ್ರ ಎಷ್ಟೋ ತಲೆಮಾರು ಸೇರಿ ಕಟ್ಟಿದವನು.

ಈಗ ನಿಮ್ಮ ಮಾವನ ಸಂದೇಶ. ಅದು ಪೂರ್ತಿ ಸುಳ್ಳಲ್ಲ! ಹಿಕಾಯತ್‌ನಲ್ಲಿ ಹಾಂಗ್ ತುವಾ ದೂತನಾಗಿ ಕೆಲಿಂಗ್ ನಾಡಿನ 'ಬಿಜಯ ನಗರಂ'ಗೆ ಹೋಗುತ್ತಾನೆ. ಅಲ್ಲಿನ ರಾಜನ ಹೆಸರು 'ಕಿಸ್ನ ರಾಯನ್'. ಕೆಲಿಂಗ್ ಎಂದರೆ ಮಲಯರ ಬಾಯಲ್ಲಿ ನಮ್ಮ ದಕ್ಷಿಣ ಭಾರತ, ಕಳಿಂಗದಿಂದ ಬಂದ ಮಾತು. ಮೊದಲ ಸಲ ಆ ಪುಟ ಓದಿದಾಗ ನನಗೂ ಮೈ ಜುಮ್ಮೆಂದಿತ್ತು. ಆದರೆ ವರ್ಷ ನೋಡಿ. ಹಾಂಗ್ ತುವಾನ ದೊರೆ ಎನ್ನುವ ಮನ್ಸೂರ್ ಶಾ ಸತ್ತದ್ದು 1477ರಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಎರಡೇ ವರ್ಷಕ್ಕೆ ಮಲಕ್ಕಾ ಬಿತ್ತು. ಇನ್ನು ಹಿಕಾಯತ್ ಈಗಿನ ರೂಪಕ್ಕೆ ಬಂದದ್ದು 17ನೇ ಶತಮಾನದಲ್ಲಿ. 1641ರಲ್ಲಿ ಡಚ್ಚರು ಮಲಕ್ಕಾ ಗೆದ್ದದ್ದೂ ಅದರಲ್ಲಿ ಬರುತ್ತದೆ. ಅದೇ ಹಾಂಗ್ ತುವಾ ಚೀನಾಕ್ಕೂ ರೂಮ್ ಅಂದರೆ ತುರ್ಕಿ ದೇಶಕ್ಕೂ ಹೋಗಿಬರುತ್ತಾನೆ. ತಮ್ಮ ರಾಜ್ಯಕ್ಕೆ ಲೋಕದ ದೊಡ್ಡ ದೊಡ್ಡ ಅರಸರೆಲ್ಲ ಗೌರವ ಕೊಟ್ಟರು ಎಂದು ತೋರಿಸುವ ಕಥೆ ಅದು. ಅದರಿಂದ ಮಲಕ್ಕಾ ನಮ್ಮ ಸಾಮಂತ ಎಂದು ಹಿಡಿದರೆ ಕಥೆಯ ಅರ್ಥವನ್ನೇ ತಿರುಗಿಸಿದ ಹಾಗೆ. ಮಲಕ್ಕಾ ಶುರುವಿನಲ್ಲಿ ಸಯಾಮಿಗೆ ಚಿನ್ನ ಕಪ್ಪ ಕೊಡುತ್ತಿತ್ತು, ಆಮೇಲೆ ಮಿಂಗ್ ಚೀನಾದ ಆಸರೆ ಪಡೆಯಿತು. ವಿಜಯನಗರಕ್ಕೆ ಕಪ್ಪ ಕೊಟ್ಟ ದಾಖಲೆ ಯಾವ ಶಾಸನದಲ್ಲೂ ಇಲ್ಲ, ಪಿರೆಸ್‌ನಲ್ಲೂ ಇಲ್ಲ.

ನಿಜವಾದ ನಂಟು ಬಟ್ಟೆಯದ್ದು. ವಿಜಯನಗರದ ಆಳ್ವಿಕೆಯಲ್ಲಿದ್ದ ಪುಲಿಕಾಟ್ ಬಂದರಿನಿಂದ ಹತ್ತಿಬಟ್ಟೆ ಹಡಗುಗಟ್ಟಲೆ ಮಲಕ್ಕಾಕ್ಕೆ ಹೋಗುತ್ತಿತ್ತು. ಕೆಲಿಂಗ್ ವ್ಯಾಪಾರಿಗಳ ಕೇರಿಯೇ ಅಲ್ಲಿತ್ತು. ಅಲ್ಲಿ 84 ಭಾಷೆ ಕೇಳಿಬರುತ್ತಿದ್ದವು ಎಂದು ಪಿರೆಸ್ ಬರೆಯುತ್ತಾನೆ. ಆ ವ್ಯಾಪಾರಿಗಳ ಜೊತೆಗೇ ನಮ್ಮ ರಾಯನ ಹೆಸರೂ ಹಡಗು ಹತ್ತಿರಬೇಕು. ಸೆಜಾರಾ ಮೆಲಾಯುವಿನಲ್ಲಂತೂ ರಾಜವಂಶದ ಪೂರ್ವಿಕ ರಾಜಾ ಸುರಾನ್ ಕೆಲಿಂಗ್ ನಾಡಿನಲ್ಲಿ ಕಪ್ಪು ಕಲ್ಲಿನ ಕೋಟೆ ಕಟ್ಟಿ 'ಬಿಜ ನಗರ' ಎಂದು ಹೆಸರಿಡುತ್ತಾನೆ. ಅದೇ ಗ್ರಂಥದಲ್ಲಿ ಮಲಕ್ಕಾ ಹುಟ್ಟಿದ ಕಥೆ ಹೀಗಿದೆ. ರಾಜ ಬೇಟೆಗೆ ಬಂದು ಒಂದು ಮರದ ಕೆಳಗೆ ನಿಂತಿರುತ್ತಾನೆ. ಪೆಲಾಂಡುಕ್ ಎಂಬ ಮೊಲದಷ್ಟೇ ಗಾತ್ರದ ಪುಟ್ಟ ಜಿಂಕೆಯಂಥ ಪ್ರಾಣಿ ಅವನ ನಾಯಿಯನ್ನು ಒದ್ದು ನೀರಿಗೆ ಬೀಳಿಸುತ್ತದೆ. ಇದು ಗಟ್ಟಿ ನೆಲ ಎಂದು ರಾಜ ಅಲ್ಲೇ ಊರು ಕಟ್ಟುತ್ತಾನೆ. ಹಕ್ಕ ಬುಕ್ಕರ ಮೊಲ ನಾಯಿಯನ್ನು ಅಟ್ಟಿದ ಕಥೆ ಹೊಸಪೇಟೆಯವರಿಗೆ ನಾನು ಹೇಳಬೇಕೇ! ನೂನಿಜ್ ಅದನ್ನು ಬರೆದದ್ದು 1535ರ ಸುಮಾರಿಗೆ. ಯಾರು ಯಾರಿಂದ ಪಡೆದರು ಎಂದು ಗೆರೆ ಎಳೆಯಲಾಗುವುದಿಲ್ಲ, ಅಹಮದಾಬಾದಿಗೂ ಇಂಥದೇ ಕಥೆಯಿದೆ. ಅಂದ ಹಾಗೆ, ರಾಜ ನಿಂತಿದ್ದ ಆ ಮೆಲಾಕ ಮರ ನಮ್ಮ ಬೆಟ್ಟದ ನೆಲ್ಲಿ.

ಮಗಳ ಪ್ರಾಜೆಕ್ಟಿಗೆ ದಾರಿ ಮೂರಿವೆ. ಬರೀ 1400 ಎಂದು ಬರೆದು ಮುಗಿಸಬಹುದು. ಅಂಕಕ್ಕೆ ತೊಂದರೆಯಿಲ್ಲ, ಆದರೆ ಊರಿನವರು ಯಾಕೆ 1262 ಎನ್ನುತ್ತಾರೆ ಎಂದು ಯಾರಾದರೂ ಕೇಳಿದರೆ ಅವಳ ಬಳಿ ಉತ್ತರ ಇರುವುದಿಲ್ಲ. 1262 ಎಂದು ಬರೆದರೆ ಮಿಂಗ್ ದಿನಚರಿಯ ಮುಂದೆ ಅದು ನಿಲ್ಲುವುದಿಲ್ಲ. ನಾನಾದರೆ ಒಂದೇ ಹಾಳೆಯಲ್ಲಿ ಮೂರು ಕಂಬ ಎಳೆಯಲು ಹೇಳುತ್ತೇನೆ. ಚೀನಾದವರು, ಪಿರೆಸ್, ಸೆಜಾರಾ ಮೆಲಾಯು. ಯಾರು, ಯಾವ ವರ್ಷ, ಯಾರಿಗಾಗಿ ಬರೆದರು, ಮೊದಲ ರಾಜನ ಬಗ್ಗೆ ಏನೆಂದರು. ಕೊನೆಗೆ 'ಸುಮಾರು 1400' ಎಂದು ಬರೆದು, ಯಾಕೆ ಎಂದು ಎರಡು ಸಾಲು. ಇದರಲ್ಲಿ ಒಂದು ಅಪಾಯವಿದೆ. ಶಾಲೆಯಲ್ಲಿ ಒಂದೇ ಉತ್ತರ ಬೇಕಿದ್ದರೆ ಗೊಂದಲವಾದೀತು, ಆದ್ದರಿಂದ ಟೀಚರ್ ಹತ್ತಿರ ಮೊದಲೇ ಮಾತಾಡಲಿ. ಹಾಂಗ್ ತುವಾ ಬಗ್ಗೆ ಬರೆಯುವಾಗ 'ಸುಳ್ಳು' ಎಂಬ ಪದ ಬೇಡ. ಅವಳ ತರಗತಿಯ ಎಷ್ಟೋ ಮಕ್ಕಳಿಗೆ ಅವನು ಅಜ್ಜಿ ಹೇಳಿದ ಕಥೆಯ ನಾಯಕ. 'ಸೆಜಾರಾ ಮೆಲಾಯುವಿನ ಪ್ರಕಾರ' ಎಂದರೆ ಸಾಕು, ಅದು ನಿಜವೂ ಹೌದು.

ಮಾವನಿಗೆ ಹೀಗೆ ಬರೆಯಿರಿ: "ಮಾವ, ಸಾಮಂತ ಅನ್ನೋದಕ್ಕೆ ದಾಖಲೆ ಇಲ್ಲ. ಆದರೆ ಹಂಪಿ ಹಾಳಾಗಿ ನೂರು ವರ್ಷ ಆಗುತ್ತಾ ಬಂದಿದ್ದಾಗಲೂ ಸಮುದ್ರದಾಚೆ ಮಲಯ ಜನ ತಮ್ಮ ಕಥೆಯಲ್ಲಿ ಕಿಸ್ನ ರಾಯನ್ ಎಂದು ಹೆಸರು ಹೇಳುತ್ತಿದ್ದರು." ಅವರಿಗೂ ಇದು ಕಡಿಮೆ ಸಂತೋಷ ಕೊಡಲಾರದು.